ಬಂದೂಕಿನ ಬಂಗಾರದ ಬಣ್ಣ

ಈರೇಶ ಬಣ್ಣ ಬಳಿದ ಟ್ರೇಲರುಗಳು ಕಲಘಟಗಿ ತಾಲೂಕಿನ ತುಂಬ ಓಡಾಡುತ್ತಿದ್ದವು. ಹಿಂದಿನ ಹಲಗೆಯ ಮೇಲೆ ನವಿಲು, ಜೋಡೆತ್ತು, ಮಕ್ಕಳ ಹೆಸರು, ಏನು ಕೇಳಿದರೂ ಸೈ. ಕೈ ಚೊಕ್ಕ, ಬಾಯಿ ಮಾತ್ರ ತುಸು ಉದ್ದ. ‘ಬಣ್ಣ ಹೋದ್ರ ನನ್ನ ಹೆಸರ ಬದಲಿ ಮಾಡ್ರಿ’ ಎಂದು ಗಿರಾಕಿಗಳ ಮುಂದೆ ಹೇಳದ ದಿನವೇ ಇರಲಿಲ್ಲ.

ಅವನ ಊರಿನ ಕುಬೇರಪ್ಪಗೌಡರ ಹತ್ತಿರ ಒಂದು ಜೋಡುನಳಿಗೆ ಬಂದೂಕಿತ್ತು. ಹೊಲ ಕಾಡಿನ ಅಂಚಿಗೆ. ಗೋವಿನಜೋಳಕ್ಕೆ ಹಂದಿ ನುಗ್ಗುತ್ತವೆಂದು ಅವರ ತಂದೆಯ ಕಾಲಕ್ಕೇ ಲೈಸನ್ಸ್ ಆಗಿತ್ತು. ಅದರ ಗುಂಡು ಹಂದಿಗೆ ತಗುಲಿದ್ದನ್ನು ಕಂಡವರು ಯಾರೂ ಇಲ್ಲ. ಗಾಳಿಗೆ ಒಮ್ಮೆ ಢಂ ಅನ್ನಿಸಿದರೆ ಹಂದಿಗೂ ಸಮಾಧಾನ, ಗೌಡರಿಗೂ ಸಮಾಧಾನ. ಆದರೆ ಮಹಾನವಮಿಯಂದು ಆಯುಧಗಳಿಗೆ ನಡೆಯುವ ಖಂಡೇಪೂಜೆಯ ದಿನ ಆ ಬಂದೂಕು ದೇವರ ಜಗಲಿ ಏರಿ ಕೂರುತ್ತಿತ್ತು, ಊರೆಲ್ಲ ಬಂದು ಕೈಮುಗಿಯುತ್ತಿತ್ತು.

ಈ ವರ್ಷ ಗೌಡರ ಕಣ್ಣಿಗೆ ಅದು ಕಳೆಗೆಟ್ಟಂತೆ ಕಂಡಿತು. ಇಪ್ಪತ್ತು ವರ್ಷದಿಂದ ಆ ಮನೆಯ ಕೆಲಸಕ್ಕಿದ್ದ ಮಾದೇವಿ ಈರೇಶನ ಓಣಿಯವಳು. ಅವಳೇ ಬಾಯಿ ಹಾಕಿದಳು: “ನಮ್ಮ ಈರೇಶಗ ಕೊಡ್ರಿ ಗೌಡ್ರ. ಅವನ ಕೈ ಅಗದಿ ಛಲೋ ಐತಿ.”

ಲೈಸನ್ಸಿನ ಬಂದೂಕನ್ನು ಅಂಗಡಿಯಲ್ಲಿ ಬಿಟ್ಟುಹೋಗುವಂತಿಲ್ಲ. ಗೌಡರು ಅದನ್ನು ತಂದು, ಈರೇಶನ ಶೆಡ್ಡಿನ ಬಾಕಿನ ಮೇಲೆ ಕಾವಲಿಗೆ ತಾವೇ ಕೂತರು. “ನಳಿಗಿ ತುಂಬ ಬಂಗಾರದ ಬಳ್ಳಿ ಬರಬೇಕು. ಸಂಜಿಗೆ ಮುಗಸ್ತಿಯಿಲ್ಲೋ?”

ಸಂಜೆಗೆ ಮುಗಿಯುವ ಕೆಲಸ ಅಲ್ಲ ಅದು. ಎಷ್ಟೋ ವರ್ಷ ಎಣ್ಣೆ ಕುಡಿದ ಉಕ್ಕು. ಮೊದಲು ಥಿನ್ನರ್ ಹಚ್ಚಿ ಮೂರು ನಾಲ್ಕು ಸಲ ಒರೆಸಿ ಎಣ್ಣೆ ತೆಗೆಯಬೇಕು, ಬಣ್ಣ ಹಿಡಿಯಲೆಂದು ಪ್ರೈಮರ್ ಹೊಡೆದು ಒಂದು ದಿನ ಒಣಗಿಸಬೇಕು, ಆಮೇಲೆ ಬಣ್ಣ, ಅದರ ಮೇಲೆ ವಾರ್ನಿಶು. ಮೂರು ದಿನ ಬೇಕೆಂದು ಹೇಳಿದ್ದರೆ ಗೌಡರು ಮೂರು ದಿನವೂ ಬಂದು ಕೂರುತ್ತಿದ್ದರೋ ಏನೋ. ಕೂರದೆ ಬೇರೆಯವರ ಕಡೆ ಹೋಗಿಬಿಟ್ಟರೆ? ಈ ಬಂದೂಕು ಜಗಲಿಯ ಮೇಲೆ ಮಿಂಚಿದರೆ ಸುತ್ತಲಿನ ಬಂದೂಕುಗಳೆಲ್ಲ ತನ್ನ ಶೆಡ್ಡಿಗೇ ಬರುತ್ತವೆ ಎಂಬ ಆಸೆ ಅವನ ತಲೆಯಲ್ಲಿ ಕುಣಿಯುತ್ತಿತ್ತು. ನಂಬರು ಕೊರೆದ ಜಾಗಕ್ಕೆ ಟೇಪು ಅಂಟಿಸಿ, ಉಳಿದದ್ದನ್ನು ಒಣ ಅರಿವೆಯಿಂದ ಒಂದು ಸಲ ಒರೆಸಿ, ನೇರ ಬಣ್ಣ ಹೊಡೆದ. ಪ್ರೈಮರಿನ ಡಬ್ಬಿ ತೆರೆಯಲೇ ಇಲ್ಲ. ಸಂಜೆಗೆ ನಳಿಗೆಯ ಮೇಲೆ ಬಂಗಾರದ ಬಳ್ಳಿ ಹಬ್ಬಿತ್ತು. ಗೌಡರು ತಿರುಗಿಸಿ ತಿರುಗಿಸಿ ನೋಡಿದರು.

“ಎಷ್ಟ ದಿನ ತಾಳ್ತೈತಿ?”

“ಹತ್ತ ವರ್ಷ ಏನೂ ಆಗಂಗಿಲ್ರಿ.”

ಹನ್ನೆರಡು ದಿನವೂ ಆಗಲಿಲ್ಲ.

ಖಂಡೇಪೂಜೆಯ ಹಿಂದಿನ ದಿನ ಗೌಡರ ಹೆಂಡತಿ ನೀಲಕ್ಕ, ಜಗಲಿ ಏರುವ ಸಾಮಾನೆಲ್ಲ ತಿಕ್ಕಿ ತೊಳೆಯಲು ಮಾದೇವಿಗೆ ಹೇಳಿದ್ದಳು. ಹಿತ್ತಾಳೆಯ ದೀಪದ ಸಮೆ, ತಾಮ್ರದ ಕೊಡ, ಹಳೆಯ ಕತ್ತಿ, ಎಲ್ಲ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಕ್ಕೆ ಹೊಳೆದವು. ಬಂದೂಕೂ ಪೂಜೆಯ ಸಾಮಾನೇ ಅಲ್ಲವೇ? ಮಾದೇವಿ ಅದಕ್ಕೂ ಹುಣಸೆಹಣ್ಣಿನ ಕೈ ಆಡಿಸಿ, ಒದ್ದೆ ಅರಿವೆಯಿಂದ ಒರೆಸಿ ಇಟ್ಟಳು.

ಪೂಜೆಯ ಬೆಳಿಗ್ಗೆ ಪಡಸಾಲೆಯ ತುಂಬ ಮಂದಿ. ಗೌಡರು ಈರೇಶನನ್ನು ಹೇಳಿಕಳಿಸಿ ಕರೆಸಿ ಮುಂದೆ ಕೂರಿಸಿದ್ದರು. ಎಲ್ಲರೆದುರು ಬಂದೂಕು ಎತ್ತಿದರು. ಬಂಗಾರದ ಬಳ್ಳಿ ಅವರ ಅಂಗೈಗೆ ಅಂಟಿಕೊಂಡು ಎದ್ದು ಬಂತು.

“ಇದಕ್ಕ ಏನ ಹಚ್ಚಿದ್ರಿ?” ಗೌಡರ ದನಿ ಏರಿತು. ಬಾಗಿಲ ಬಳಿ ನಿಂತಿದ್ದ ಮಾದೇವಿ ಮುಚ್ಚಿಡಲಿಲ್ಲ. “ಎಲ್ಲಾದಕ್ಕೂ ಹಚ್ಚಿದಂಗ ಹುಣಸಿಹಣ್ಣ ಹಚ್ಚೇನ್ರಿ” ಅಂದಳು.

ಉದುರಿದ ಬಣ್ಣದ ಒಂದು ತುಣುಕನ್ನು ಈರೇಶ ಎತ್ತಿ ನೋಡಿದ. ಉಳ್ಳಾಗಡ್ಡಿಯ ಸಿಪ್ಪೆಯಂತೆ ತೆಳ್ಳಗಿತ್ತು. ಮೇಲ್ಮೈಯ ಹೊಳಪು ಹಾಗೇ ಇತ್ತು, ಒಳಮೈ ಎಣ್ಣೆಯಿಂದ ಜಿಗಿಜಿಗಿ ಅನ್ನುತ್ತಿತ್ತು. ಹುಳಿ ತಿಂದರೆ ಬಣ್ಣ ಮೇಲಿನಿಂದ ಮಂಕಾಗುತ್ತದೆ, ಹೀಗೆ ಬುಡದಿಂದ ಏಳುವುದಿಲ್ಲ. ಇದು ಆ ಮನೆಯಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ.

“ಏನಪಾ ಈರೇಶ, ಹುಣಸಿಹಣ್ಣಿಗೆ ಹಿಂಗಾಗತೈತೇನು?”

ಮಂದಿಯೆಲ್ಲ ಅವನತ್ತ ನೋಡಿತು. “ಹುಳಿ ಬಿದ್ರ ಯಾವ ಬಣ್ಣ ನಿಲ್ತೈತ್ರಿ” ಅಂದುಬಿಟ್ಟ. ನಾಲಿಗೆ ತಡವರಿಸಲೂ ಇಲ್ಲ.

ಗೌಡರು ಮಾದೇವಿಗೆ ಬಾಯಿಗೆ ಬಂದಂತೆ ಬೈದರು. ಕೊನೆಗೆ, “ಇನ್ನ ಮ್ಯಾಲೆ ಪೂಜಿ ಸಾಮಾನಕ್ಕ ಕೈ ಹಚ್ಚಬ್ಯಾಡ” ಅಂದರು. ಇಪ್ಪತ್ತು ವರ್ಷ ಆ ಸಾಮಾನು ಬೆಳಗಿದ ಹೆಂಗಸು ಸೆರಗು ಬಾಯಿಗೊತ್ತಿಕೊಂಡು ಹಿತ್ತಲಿಗೆ ಹೋದಳು. ಈರೇಶ ಪ್ರಸಾದ ತಿಂದು ಮನೆಗೆ ಬಂದ.

ಮರುದಿನ ದಸರೆ. ಊರವರು ಮನೆಮನೆಗೆ ಹೋಗಿ ‘ಬಂಗಾರದಂಗ ಇರೂಣು’ ಎಂದು ಬನ್ನಿ ಎಲೆ ಕೊಡುವ ದಿನ. ಯಾರಾದರೂ ಬಂದಾರೆಂದು ಅಂಜಿ ಈರೇಶ ಒಳಗೇ ಕೂತಿದ್ದ. ಬಂದವಳು ಮಾದೇವಿ.

“ತಮ್ಮಾ, ಮನಸಿಗೆ ಹಚ್ಕೋಬ್ಯಾಡಪಾ. ನೀ ದಿನಪೂರ್ತಿ ಕುಂತು ಮಾಡಿದ್ದನ್ನ ನಾ ಹಾಳ ಮಾಡಿದೆ. ನನ್ನಿಂದ ನಿನ್ನ ಹೆಸರ ಕೆಟ್ಟಿತು.”

ಈರೇಶನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. “ನೀ ಹಾಳ ಮಾಡಿಲ್ಲ ಮಾದೇವಕ್ಕ,” ಎಂದು ಶುರುಮಾಡಿ, ಒರೆಸದ ಎಣ್ಣೆಯಿಂದ ಹಿಡಿದು ತೆರೆಯದ ಡಬ್ಬಿಯವರೆಗೆ ಎಲ್ಲ ಹೇಳಿದ. ಮಾದೇವಿ, “ನಡಿ, ಗೌಡ್ರ ಮನಿಗೆ ಹೋಗೂಣು” ಅಂದಳು.

ಗೌಡರ ಪಡಸಾಲೆಯಲ್ಲಿ ನಿನ್ನೆಗಿಂತ ಹೆಚ್ಚು ಮಂದಿ ಇದ್ದರು. ಈರೇಶ ತಲೆ ತಗ್ಗಿಸಿ, ಎಲ್ಲರಿಗೂ ಕೇಳುವಂತೆ ಹೇಳಿದ: “ತಪ್ಪ ನಂದ್ರಿ ಗೌಡ್ರ. ಹುಣಸಿಹಣ್ಣಿಂದಲ್ಲ. ನಾನs ಕೆಲಸ ಅರ್ಧಾ ಮಾಡಿ ಕೊಟ್ಟೆ. ನಿನ್ನೆ ಸುಳ್ಳ ಹೇಳಿದೆ.”

ಕಪಾಳಕ್ಕೆ ಬೀಳುತ್ತದೆಂದು ಕಾದ. ಗೌಡರು ಒಂದು ಕ್ಷಣ ಅವನನ್ನೇ ನೋಡಿ ನಕ್ಕುಬಿಟ್ಟರು. “ಆತ ಬಿಡೋ, ಹಬ್ಬದ ದಿನ! ನಾಕ ಮಂದಿ ಮುಂದ ಖರೇ ಹೇಳಾಕ ಎದಿಗಾರಿಕಿ ಬೇಕು. ಕುಂದರು, ಚಾ ಕುಡಿ. ಮುಂದಿನ ವರ್ಷ ಬರೋಬ್ಬರಿ ಬಳದ ಕೊಡು.” ಮಂದಿಯೂ ಹೌದೌದು ಅಂದಿತು. ಹುಡುಗ ಭಾಳ ಪ್ರಾಮಾಣಿಕ ಎಂದು ಒಬ್ಬರು ಬೆನ್ನು ತಟ್ಟಿದರು.

ಮಾದೇವಿ ಬಾಗಿಲ ಬಳಿಯೇ ನಿಂತಿದ್ದಳು. ಅವಳತ್ತ ಯಾರೂ ತಿರುಗಲಿಲ್ಲ. “ಗೌಡ್ರ, ಮಾದೇವಕ್ಕಗ ಒಂದ ಮಾತ...” ಅಂದ ಈರೇಶ.

“ಆಕಿಗೇನ ಹೇಳೂದೈತಿ?” ಗೌಡರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. “ಮಾದೇವಿ, ಪೂಜಿ ಸಾಮಾನ ತೊಳಿಯೂದೈತಿ ನೋಡು, ಹೋಗು.”

“ಕೈ ಹಚ್ಚಬ್ಯಾಡ ಅಂದೀರ್ರಿ,” ಅಂದಳು ಮಾದೇವಿ, ದನಿ ಏರಿಸದೆ. “ಹಚ್ಚಂಗಿಲ್ರಿ.” ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಳು.

ಈರೇಶ ಚಹಾ ಬಿಟ್ಟು ಅವಳ ಹಿಂದೆ ಓಡಿದ. ಓಣಿಯ ತಿರುವಿನಲ್ಲಿ ಅವಳ ಕಾಲು ಮುಟ್ಟಲು ಬಾಗಿದ. ಮಾದೇವಿ ಎರಡು ಹೆಜ್ಜೆ ಹಿಂದೆ ಸರಿದಳು.

“ಬಣ್ಣ ಹೋತು ಅಂತ ನನಗೇನೂ ಇಲ್ಲೋ ತಮ್ಮಾ. ನಿನ್ನೆ ಅವರು ಬೈಯುವಾಗ ನಾ ನಿನ್ನ ಮಾರೀನs ನೋಡಾಕತ್ತಿದ್ದೆ. ತಪ್ಪ ನಂದs ಅಂತ ತಿಳಿದಿದ್ದೆ ಖರೇ. ಆದ್ರೂ ನಮ್ಮ ಓಣಿ ಹುಡುಗ ಅದಾನು, ‘ಸಾಕ ಬಿಡ್ರಿ’ ಅಂತಾದ್ರೂ ಅಂತಾನ ಅನಕೊಂಡಿದ್ದೆ.”

ಅಷ್ಟು ಹೇಳಿ ಅವಳು ನಡೆದಳು. ಬಾಗಿದ್ದ ಈರೇಶ ನೆಟ್ಟಗಾದ. ಆದರೆ ಅವಳನ್ನು ಮತ್ತೆ ಕೂಗಲು ಅವನಿಗೆ ಮುಖವಿರಲಿಲ್ಲ.