ತಲೆ ತಗ್ಗಿಸಿದ ನೇರಳೆ ಹೂಗಳು

ದೇವರು ನನಗೆ ಕರುಣೆಯನ್ನು ಬೊಗಸೆ ತುಂಬ ಕೊಟ್ಟ. ಬುದ್ಧಿಯನ್ನು ಚಿಟಿಕೆಯಷ್ಟು ಕೊಟ್ಟ. ಅದನ್ನೂ ನಾನು ಎಲ್ಲೋ ಇಟ್ಟು ಮರೆತಿದ್ದೇನೆ.

ಅಕ್ಕನ ಹೂವಿನಂಗಡಿಯಲ್ಲಿ ನನಗೆ ಕೆಲಸ. ಕಡಲಂಚಿನ ಉಪ್ಪುನೆಲದಲ್ಲಿ ತಾನಾಗಿ ಬೆಳೆಯುವ ಸೀ ಲ್ಯಾವೆಂಡರ್ ಗಿಡವನ್ನು ಅಕ್ಕ ಹಿತ್ತಿಲಲ್ಲಿ ಸಾಲಾಗಿ ಬೆಳೆಸಿದ್ದಾಳೆ. ಕಾಗದದಂಥ ಪುಟ್ಟ ನೇರಳೆ ಹೂ. ಒಣಗಿದರೂ ಬಣ್ಣ ಬಿಡದು. ಈ ಸಲದ ಹೂವೆಲ್ಲ ಅವಳ ಮಗಳ ಮದುವೆಯ ಕಮಾನಿಗೆ ಮೀಸಲು. ಹುಡುಗಿ ಕೇಳಿದ್ದು ಅದೊಂದೇ: ಅಮ್ಮ ಬೆಳೆಸಿದ ಹೂವಿನ ಕೆಳಗೆ ನಿಲ್ಲಬೇಕು.

"ಹೂವೆಲ್ಲ ಕೊಯ್ದು, ಕಟ್ಟು ಕಟ್ಟಿ ಕತ್ತಲೆ ಕೋಣೇಲಿ ತಲೆಕೆಳಗಾಗಿ ನೇತುಹಾಕು, ದಂಟು ನೆಟ್ಟಗೆ ಒಣಗುತ್ತೆ. ಮೂರು ವಾರ ಮುಟ್ಬೇಡ," ಎಂದು ಹೇಳಿ ಅಕ್ಕ ಮದುವೆಯ ಓಡಾಟಕ್ಕೆಂದು ಬೀಗರ ಊರಿಗೆ ಹೋದಳು.

ನೇತುಹಾಕಿದೆ. ಮರುದಿನ ಬೆಳಗ್ಗೆ ಪ್ರಾರ್ಥನೆ ಮುಗಿಸಿ ಹೋಗಿ ನೋಡಿದರೆ, ದೇವರ ಸೃಷ್ಟಿ ಬಾವಲಿಗಳ ಹಾಗೆ ಜೋತಾಡುತ್ತಿದೆ! ಕರುಳು ಚುರ್ ಎಂದಿತು. ಎಲ್ಲವನ್ನೂ ಇಳಿಸಿ ಖಾಲಿ ಬಕೆಟ್ಟುಗಳಲ್ಲಿ ನೆಟ್ಟಗೆ ನಿಲ್ಲಿಸಿದೆ. ಅಂದು ಊಟ ನಾಲ್ಕು ತುತ್ತು ಹೆಚ್ಚೇ ಸೇರಿತು. ಪುಣ್ಯ ಮಾಡಿದವರಿಗೆ ಹಸಿವು ಜಾಸ್ತಿ.

ಮೂರು ವಾರ ಕಳೆದು ಬಂದ ಅಕ್ಕ ಕೋಣೆಯ ಬಾಗಿಲು ತೆರೆದಳು. ಬಣ್ಣವೇನೋ ಹಾಗೇ ಇತ್ತು. ಆದರೆ ಒಣಗುತ್ತ ಒಣಗುತ್ತ ದಂಟುಗಳೆಲ್ಲ ಬಾಗಿ, ಒಂದೊಂದು ಹೂವೂ ನೆಲ ನೋಡುತ್ತಿತ್ತು.

"ಏನೋ ಇದು?"

"ಪಾಪ ಅನ್ನಿಸ್ತು ಅಕ್ಕ..."

"ಹೂವು ಪಾಪ, ನಾನು ಪಾಪ ಅಲ್ವಾ? ನಾಡಿದ್ದು ಮದುವೆ ಕಣೋ! ಈ ಗೂನುಬೆನ್ನು ಇಟ್ಕೊಂಡು ಕಮಾನು ಹೇಗೆ ಕಟ್ಲಿ?" ಅವಳ ದನಿ ಒಡೆಯಿತು.

ನಾನೂ ಬಕೆಟ್ಟುಗಳ ಸಾಲಿನಲ್ಲೇ ತಲೆ ತಗ್ಗಿಸಿ ನಿಂತೆ.

ಮದುಮಗಳು ಬಂದು ಹೂಗಳನ್ನೂ ನನ್ನನ್ನೂ ನೋಡಿದಳು. "ಮಾವ, ನೀವೂ ಒಣಗಿಬಿಟ್ರಾ?" ಎನ್ನುತ್ತ ಒಂದು ಗೊಂಚಲನ್ನು ತಲೆಯ ಮೇಲೆ ಎತ್ತಿ ಹಿಡಿದಳು. ಹಿಡಿದವಳು ಮುಖ ಮೇಲೆತ್ತಿ ನೋಡಿದಳು. "ಅಮ್ಮಾ, ಇಲ್ಲಿ ಬಂದು ನೋಡು. ನನ್ನನ್ನೇ ನೋಡ್ತಿದೆ."

ಮೂವರೂ ಕೂತು ಕಮಾನಿನ ಒಳಬದಿಗೆ ಕಟ್ಟಿದೆವು. ಮದುವೆಯ ದಿನ ಅಷ್ಟೂ ಹೂಗಳು ಬಗ್ಗಿ ಅವಳ ಮುಖವನ್ನೇ ನೋಡುತ್ತಿದ್ದವು. ಪಕ್ಕದ ಬೀದಿಯ ಹೂವಿನಂಗಡಿಯವನು ನನ್ನ ಕಿವಿಯ ಹತ್ತಿರ ಬಂದ.

"ಯಜಮಾನ್ರೇ, ಇಷ್ಟು ಚೆನ್ನಾಗಿ ಬಗ್ಗಿಸೋಕೆ ಏನ್ ಮಾಡ್ತೀರಿ?"

ಗಂಟಲು ಸರಿಮಾಡಿಕೊಂಡೆ. ಒಂದು ದೊಡ್ಡ ಮಾತು ನಾಲಗೆಯ ತುದಿಗೇ ಬಂದಿತ್ತು.

"ಬೇಡ ಅಂದಿದ್ದನ್ನ ಮಾಡ್ತಾನೆ, ಅಷ್ಟೇ," ಎಂದಳು ಹಿಂದಿನಿಂದ ಅಕ್ಕ. ಅವಳ ಕಣ್ಣು ಮಾತ್ರ ಮಗಳ ಮೇಲೇ ಇತ್ತು.