ಬಿಂದಿಗೆ ಗುರುತಿನ ಆಣೆ

ನಗರಸಭೆ ಚುನಾವಣೆಗೆ ವೀರನಗೆರೆಯಿಂದ ಪಕ್ಷದ ಟಿಕೆಟ್ಟು ತನಗೇ ಎಂದು ಗಿರಿಜಾಂಬಾ ನಂಬಿದ್ದಳು. ನಂಬದೆ ಏನು ಮಾಡುತ್ತಾಳೆ? ಮಹಾರಾಜರು ಜವಾಬ್ದಾರಿ ಸರ್ಕಾರ ಕೊಡಬೇಕೆಂದು ಊರಿಗೆ ಊರೇ ಎದ್ದ ವರ್ಷ ಜೈಲಿನ ಮುದ್ದೆ ತಿಂದು ಬಂದವಳು. ಸರ್ಕಾರ ಬಂದ ಮೇಲೆ ಮಹನೀಯರೆಲ್ಲ ಕುರ್ಚಿ ಹುಡುಕಿಕೊಂಡು ಹೋದರೆ, ಇವಳು ಕೇರಿ ಕೇರಿ ಸುತ್ತಿ ಹೆಂಗಸರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿದಳು.

"ವೋಟು ಗೀಟು ಗಂಡಸ್ರ ಕೆಲ್ಸ ಕಣಕ್ಕ, ನಮ್ಗ್ಯಾಕೆ?" ಎಂದವರನ್ನು ಬಿಡಲಿಲ್ಲ. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಬೇರೆ ಪೆಟ್ಟಿಗೆ, ಅದರ ಮೇಲೆ ಅವನ ಗುರುತು. ಗಿರಿಜಾಂಬಾ ತನ್ನ ಜಗಲಿಯ ಮೇಲೆ ಸೀಮೆಎಣ್ಣೆ ಡಬ್ಬಗಳನ್ನು ಸಾಲಾಗಿಟ್ಟು, ಒಂದಕ್ಕೆ ಪಕ್ಷದ ಬಿಂದಿಗೆ ಗುರುತು ಅಂಟಿಸಿ, ಚೀಟಿ ಹಾಕುವುದನ್ನು ಮಕ್ಕಳಿಗೆ ಕಲಿಸಿದಂತೆ ಕಲಿಸಿದಳು. ಅಭ್ಯರ್ಥಿ ಯಾರು, ಎಂಥವನು ಎಂದು ಯಾರಾದರೂ ಕೇಳಿದರೆ, "ಅದೆಲ್ಲ ನಿಮಗ್ಯಾಕೆ? ಬಿಂದಿಗೆ ನೋಡಿ, ಹಾಕಿ, ಬನ್ನಿ" ಎನ್ನುತ್ತಿದ್ದಳು. ಕೆಲಸ ಬೇಗ ಆಗಬೇಕಿತ್ತಲ್ಲ!

ಮೊದಲ ಮಹಾಚುನಾವಣೆಯಲ್ಲಿ ಎದುರು ಪಕ್ಷದವರು ಕೇರಿಯಲ್ಲಿ ಸೀರೆ ಹಂಚಿದರು. ಗಿರಿಜಾಂಬಾಗೆ ಮೈ ಉರಿಯಿತು. ಕೇರಿಯ ಹೆಂಗಸರನ್ನೆಲ್ಲ ಚಾಮುಂಡಿ ಬೆಟ್ಟ ಹತ್ತಿಸಿ, ಅಮ್ಮನವರ ಎದುರಿನಲ್ಲಿ ಕರ್ಪೂರ ಹಚ್ಚಿ, ತಾನೇ ಮೊದಲು ಅದನ್ನು ಅಂಗೈಯಿಂದ ಆರಿಸಿದಳು. "ಬಿಂದಿಗೆ ಬಿಟ್ಟು ಬೇರೆ ಪೆಟ್ಟಿಗೆಗೆ ಹಾಕಿದರೆ ಮಕ್ಕಳ ಮೇಲಾಣೆ" ಎಂದು ಒಬ್ಬೊಬ್ಬಳ ಬಾಯಲ್ಲೂ ಹೇಳಿಸಿದಳು. ಇಂಥ ಆಣೆಗಳಲ್ಲಿ ಅವಳಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಅವರಿಗಿತ್ತು, ಅವಳಿಗೆ ಅಷ್ಟು ಸಾಕಾಗಿತ್ತು. ಆ ಸಲ ಬಿಂದಿಗೆ ಗೆದ್ದಿತು.

ಈಗ ನಗರಸಭೆಯ ಸರದಿ. ಪಕ್ಷದ ಅಧ್ಯಕ್ಷರಾದ ವಕೀಲ ಬಿಂದುಮಾಧವರಾಯರು ಅವಳನ್ನು ಯಾದವಗಿರಿಯ ತಮ್ಮ ಬಂಗಲೆಗೆ ಕರೆಸಿ, ಕಾಫಿ ಕೊಟ್ಟು, ಟಿಕೆಟ್ಟು ಸಾಮಿಲ್ಲಿನ ಚೆಲುವರಾಜುವಿಗೆ ಎಂದರು. ಇವಳು ಜೈಲಿನಲ್ಲಿದ್ದಾಗ ಪೊಲೀಸರ ಕ್ಯಾಂಪಿಗೆ ಸೌದೆ ಹಾಕುತ್ತಿದ್ದ ಮನುಷ್ಯ ಅವನು.

"ಹೆಂಗಸರ ವೋಟು ಹೇಗಿದ್ದರೂ ನಮ್ಮದೇ ಅಲ್ಲವೇ ಗಿರಿಜಾಂಬನವರೇ, ನಿಮ್ಮ ದಯದಿಂದ. ಗಂಡಸರ ವೋಟು ತರೋರು ಬೇಕಾಗಿದೆ," ಎಂದು ರಾಯರು ನಕ್ಕರು.

ಆ ನಗುವಿಗೇ ಅವಳು ಪಕ್ಷೇತರಳಾಗಿ ನಿಂತದ್ದು. ಗುರುತು ಏಣಿ ಸಿಕ್ಕಿತು. ಗಂಡ ಶಿವಲಿಂಗಯ್ಯ, "ನಿನಗ್ಯಾಕೆ ಈ ಉಸಾಬರಿ?" ಎಂದು ಗೊಣಗಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ತನ್ನ ಕೇರಿ, ತನ್ನ ಹೆಂಗಸರು, ಸೋಲುವ ಮಾತೆಲ್ಲಿ?

ಹೆಂಗಸರು ಜಗಲಿಯಲ್ಲಿ ಸೇರಿದರು. ಏಣಿಯ ಚಿತ್ರ ತೋರಿಸುತ್ತಲೇ ಎಲ್ಲರೂ ತಲೆ ತಗ್ಗಿಸಿದರು. ಕೊನೆಗೆ ಬಾಯಿಬಿಟ್ಟವಳು ಚಾಮುಂಡಮ್ಮ. ಗಿರಿಜಾಂಬಾ ಇವಳಿಗೆ ಸಹಿ ಮಾಡುವುದನ್ನು ಕಲಿಸಿದ್ದಳು, ಹೆರಿಗೆಯಲ್ಲಿ ಇವಳನ್ನು ತಾನೇ ಆಸ್ಪತ್ರೆಗೆ ಸೇರಿಸಿದ್ದಳು.

"ಕರ್ಪೂರ ಆರಿಸಿವ್ನಿ ಕಣಕ್ಕ. ಈಗ ಎಂಗೆ ಏಣಿಗೆ ಹಾಕ್ಲಿ?"

"ಅದು ಆ ಚುನಾವಣೆಗೆ ಕಣೇ. ಮುಗಿದುಹೋಯ್ತು."

"ಅಂಗಂತ ಅಮ್ನೋರ ಮುಂದೆ ನೀವು ಹೇಳ್ಸಲಿಲ್ವಲ್ಲ."

"ನಾನೂ ಆರಿಸಿದ್ದೀನಲ್ಲೇ! ನಾನು ನನಗೇ ಹಾಕ್ಕೊಳ್ತೀನಿ, ನೋಡು. ಏನಾಗುತ್ತೆ ನೋಡೇಬಿಡೋಣ."

"ನಿಮ್ಗೇನಕ್ಕ," ಎಂದಳು ಚಾಮುಂಡಮ್ಮ, ಮಗುವನ್ನು ಎದೆಗೆ ಅವಚಿಕೊಂಡು. "ನಿಮ್ಗೆ ಮಕ್ಕಳಿಲ್ಲ. ನಮ್ಗವೆ."

ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ, ಅದಕ್ಕೇ ಆಳಕ್ಕಿಳಿಯಿತು. ಗಿರಿಜಾಂಬಾ ಏಣಿಯ ಚಿತ್ರ ಮಡಿಸಿಟ್ಟು ಒಳಗೆ ಹೋದಳು.

ಚುನಾವಣೆಯ ದಿನ ಹೆಂಗಸರು ಸಾಲಿನಲ್ಲಿ ನಿಂತರು. ಅವಳು ಕಲಿಸಿದಂತೆಯೇ ಗಲಾಟೆಯಿಲ್ಲದೆ ಚೀಟಿ ಪಡೆದು ಒಳಗೆ ಹೋದರು, ಹೊರಗೆ ಬಂದವರು ಅವಳತ್ತ ನೋಡದೆ ಮನೆ ದಾರಿ ಹಿಡಿದರು. ಚೆಲುವರಾಜು ಭಾರೀ ಅಂತರದಿಂದ ಗೆದ್ದ. ಗಿರಿಜಾಂಬಾಳ ಠೇವಣಿಯೂ ಉಳಿಯಲಿಲ್ಲ. ಮೆರವಣಿಗೆ ಅವಳ ಮನೆ ಮುಂದೆ ನಿಂತಾಗ ಬಿಂದುಮಾಧವರಾಯರು ಜೀಪಿನಿಂದಿಳಿದು ಬಂದು ಕೈಮುಗಿದರು.

"ನೀವು ತಯಾರು ಮಾಡಿದ ವೋಟು ಕಲ್ಲಿನ ಹಾಗೆ ನಿಲ್ಲುತ್ತೆ ಕಣಮ್ಮ. ಆದದ್ದು ಆಯಿತು, ಪಕ್ಷಕ್ಕೆ ಬಂದುಬಿಡಿ. ನಂಜನಗೂಡಿನ ಕಡೆ ಹೆಂಗಸರಿಗೂ ಹೀಗೇ ಕಲಿಸಿಕೊಡಬೇಕು."

ಅವಳು ಅವರ ಮುಖಕ್ಕೇ ಬಾಗಿಲು ಹಾಕಿದಳು. ಸಿಟ್ಟು ರಾಯರ ಮೇಲಿತ್ತು, ಚೆಲುವರಾಜುವಿನ ಮೇಲಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಆ ಹೆಂಗಸರ ಮೇಲಿತ್ತು. ಜೈಲಿಗೆ ಹೋಗಿದ್ದು ಇವರಿಗಾಗಿಯೇನು ಎನಿಸಿ ಅಳು ಬಂತು.

ಮರುದಿನ ಬೆಳಿಗ್ಗೆ ಚಾಮುಂಡಮ್ಮ ಮಗುವನ್ನೆತ್ತಿಕೊಂಡು ಬಂದು ಜಗಲಿಯ ಕೆಳಗೆ ನಿಂತಳು. ಅತ್ತು ಅತ್ತು ಮುಖ ಊದಿಕೊಂಡಿತ್ತು.

"ನೀವ್ ನೊಂದ್ಕೊಂಡ್ರೆ ಮಗೀಗೆ ತಟ್ಟತ್ತೆ ಅಕ್ಕ. ತಲೆ ಮೇಲೆ ಒಂದ್ಸಲ ಕೈ ಮಡಗಿ."

ಬೈದು ಅಟ್ಟಬೇಕೆಂದು ಎದ್ದವಳು, ಮಗು ತನ್ನನ್ನೇ ನೋಡುತ್ತಿದ್ದುದನ್ನು ಕಂಡು ಜಗಲಿಯಿಂದ ಕೆಳಗಿಳಿದಳು. ಕೈಯಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು:

"ಇನ್ನು ಮೇಲೆ ಆಣೆ ಗೀಣೆ ಏನೂ ಬೇಡ ಕಣೇ. ನಿಂತಿರೋನು ಎಂಥವನು ಅಂತ ನೀನೇ ನೋಡು, ನಿನಗೆ ಸರಿ ಕಂಡೋರಿಗೆ ಹಾಕು."

ಚಾಮುಂಡಮ್ಮನ ಮುಖ ಅರಳಿತು. ಕ್ಷಮೆ ಸಿಕ್ಕಿತೆಂದು ಅವಳಿಗೆ ಗೊತ್ತಾಯಿತು.

"ಆಗ್ಲಿ ಬುಡಿ ಅಕ್ಕ," ಎಂದಳು. "ಯಾರು ಸರಿ ಅಂತ ನೀವೇ ಹೇಳ್ಬುಡಿ. ಬೇಕಾದ್ರೆ ಇವತ್ತೇ ಬೆಟ್ಟಕ್ಕೋಗಿ ಕರ್ಪೂರ ಆರಿಸ್ಬುಟ್ಟು ಬತ್ತೀನಿ."