ಜುಟ್ಟು ಕಿತ್ತ ಕಾಯಿ

ಸಿಂಧುವಿನ ತಲೆಗೂದಲ ಬಗ್ಗೆ ಸಲಹೆ ಕೊಡದವರು ಅವಳ ಬಂಧುಬಳಗದಲ್ಲಿ ಒಬ್ಬರೂ ಇರಲಿಲ್ಲ. ಮಾತು ಬಾರದ ಕೂಸುಗಳು ಮಾತ್ರ ಸುಮ್ಮನಿದ್ದವು; ಅವೂ ಕೈಗೆ ಸಿಕ್ಕರೆ ಒಮ್ಮೆ ಎಳೆದು ನೋಡುತ್ತಿದ್ದವು. ಗುಂಗುರು ಕೂದಲು, ಅದರಲ್ಲೂ ಒಣ ಕೂದಲು. ಬೆಳಿಗ್ಗೆ ಕಟ್ಟಿದರೆ ಮಧ್ಯಾಹ್ನದ ಹೊತ್ತಿಗೆ ಅರ್ಧ ಹೊರಗೆ. ತಂದೆ ರುದ್ರೇಶ್ ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಹಾಗಾಗಿ ಬಂದವರೆಲ್ಲ ಹೇಳುತ್ತಿದ್ದುದು ಒಂದೇ ಮಾತು: "ಕೊಬ್ಬರಿ ಮಂಡಿಯೋರ ಮಗಳ ತಲೆ ನೋಡ್ರೀ, ತೆಂಗಿನ ನಾರು ಇದ್ದಂಗೈತೆ. ಎಣ್ಣೆ ಹಚ್ಚಲ್ವೇನೇ?"

ಹಚ್ಚದೆ ಏನು! ಹದಿನೆಂಟು ವರ್ಷ ಅವಳಮ್ಮ ಗಿರಿಜಾಂಬಿಕಾ ಆ ತಲೆಗೆ ಸುರಿದ ಎಣ್ಣೆಯಲ್ಲಿ ಊರಿನ ದೇವಸ್ಥಾನಗಳಿಗೆಲ್ಲ ದೀಪ ಹಚ್ಚಬಹುದಿತ್ತು. ದಿಂಬು ಹಾಳಾಯಿತು, ಮೊಡವೆ ಬಂದವು, ಕೂದಲು ಮಾತ್ರ ತನ್ನ ಪಾಡಿಗೆ ತಾನಿತ್ತು. ಒಬ್ಬಳು ಸೀಗೆಕಾಯಿ ಅಂದಳು, ತಲೆ ಪೊರಕೆಯಾಯಿತು. ಯೂಟ್ಯೂಬಿನವಳೊಬ್ಬಳು ಮೊಟ್ಟೆ ಹಚ್ಚು ಅಂದಳು. ಮೊಟ್ಟೆ ಈ ಮನೆಯ ಹೊಸಿಲು ದಾಟುವಂತಿಲ್ಲ ಎಂಬುದು ಪಾಪ ಅವಳಿಗೇನು ಗೊತ್ತು?

ಈ ಕೂದಲಿಗೆ ಬೇಕಾದದ್ದು ಎಣ್ಣೆಗಿಂತ ಹೆಚ್ಚಾಗಿ ನೀರು ಮತ್ತು ತಾಳ್ಮೆ ಎಂಬುದನ್ನು ಸಿಂಧು ತಾನೇ ಕಂಡುಕೊಂಡಿದ್ದಳು. ಭಾನುವಾರ ದಾಸವಾಳದ ಎಲೆಯನ್ನು ನೀರಿನಲ್ಲಿ ಕಿವುಚಿ, ಬಂದ ಲೋಳೆಯನ್ನು ತಲೆಗೆ ಹಚ್ಚಿ ತೊಳೆಯುವಳು. ಕೂದಲು ಒದ್ದೆ ಇರುವಾಗಲೇ ಅಗಲ ಹಲ್ಲಿನ ಬಾಚಣಿಗೆಯಿಂದ, ತುದಿಯಿಂದ ಶುರುಮಾಡಿ ಮೇಲಕ್ಕೆ ಸಿಕ್ಕು ಬಿಡಿಸುವಳು. ಟವೆಲ್ಲಿನಲ್ಲಿ ಉಜ್ಜದೆ ಅಮ್ಮನ ಹಳೇ ಹತ್ತಿ ಸೀರೆಯ ತುಂಡಿನಲ್ಲಿ ಒತ್ತಿ, ತುದಿಗೆ ನಾಲ್ಕು ಹನಿ ಎಣ್ಣೆ ಸವರಿ ಬಿಟ್ಟುಬಿಡುವಳು. ಆಮೇಲೆ ಒಣಗುವವರೆಗೂ ಯಾರೂ ಮುಟ್ಟುವಂತಿಲ್ಲ. ಹಾಗೆ ಮಾಡಿದ ದಿನ ಕೂದಲು ಸುಳಿ ಸುಳಿಯಾಗಿ ಹೆಗಲಿಗೆ ಇಳಿಯುತ್ತಿತ್ತು. ಅದು ಚೆಂದವೆಂದು ಸಿಂಧುವಿಗೆ ಗೊತ್ತಿತ್ತು. ಬೇರೆಯವರಿಗೆ ಕಾಣಲು ಕಣ್ಣು ಬೇಕಲ್ಲ!

ಇಂಥ ತಲೆಯನ್ನು ನೋಡಲು ತುರುವೇಕೆರೆಯಿಂದ ಗಂಡಿನ ಕಡೆಯವರು ಬಂದರು. ಗಂಡು ದಯಾನಂದ್, ಎಣ್ಣೆ ಗಾಣದ ಮಾಲೀಕ. ಮೂವತ್ತೊಂದಕ್ಕೇ ಅವನ ನೆತ್ತಿ ಒಕ್ಕಣೆ ಮುಗಿದ ಕಣದಂತಾಗಿತ್ತು. ಉಳಿದ ನಾಲ್ಕು ಕೂದಲನ್ನು ಎಡದಿಂದ ಬಲಕ್ಕೆ ಹೊದಿಸಿಕೊಂಡು, ಫ್ಯಾನಿನ ಗಾಳಿಗೆ ಹೆದರಿ ಕೂತಿದ್ದ. ಆ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಅವನ ತಾಯಿ ಸಿದ್ದಗಂಗಮ್ಮ ಮಾತ್ರ ಕೇಸರಿಬಾತು ಮುಗಿಸಿ, ಕೈ ಒರೆಸಿಕೊಂಡು ತೀರ್ಪು ಕೊಟ್ಟರು.

"ಹುಡುಗಿ ಲಕ್ಷಣವಾಗವಳೆ. ಕೂದಲೊಂದು ನೆಟ್ಟಗೆ ಮಾಡ್ಸಿಬುಡಿ. ಫೋಟೋದಲ್ಲಿ ಚೆನ್ನಾಗಿ ಬರಬೇಕಲ್ಲ. ಅದಾಗಲ್ಲ ಅಂದ್ರೆ ನಾವು ಬೇರೆ ಕಡೆ ನೋಡ್ಕತೀವಿ."

ಹೆಣ್ಣು ಹೆತ್ತವರ ಜುಟ್ಟು ಗಂಡಿನ ಕಡೆಯವರ ಕೈಯಲ್ಲಿ. ರುದ್ರೇಶ್ ಮಗಳ ಮುಖವನ್ನೂ ನೋಡದೆ "ಅದಕ್ಕೇನಂತೆ" ಅಂದುಬಿಟ್ಟರು. ಮಂಡಿಯಲ್ಲಿ ಒಂದೊಂದು ಕೊಬ್ಬರಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವ ಮನುಷ್ಯ, ಮಗಳ ವಿಷಯದಲ್ಲಿ ಅಷ್ಟನ್ನೂ ಮಾಡಲಿಲ್ಲವಲ್ಲ ಎಂದು ಸಿಂಧುವಿಗೆ ಉರಿದುಹೋಯಿತು.

ಆ ವಾರ ಅವಳು ದಯಾನಂದನಿಗೆ ಫೋನ್ ಮಾಡಿ ನೇರವಾಗಿ ಕೇಳಿದಳು. "ನಿಮ್ಗೂ ಬೇಡ್ವಾ ನನ್ ಕೂದ್ಲು?"

"ನಂದೇನಿಲ್ಲ. ಅಮ್ಮಂದೇ ಎಲ್ಲ," ಅಂದ ಅವನು, ಯಾರದೋ ಮನೆಯ ಎತ್ತಿನ ಬಗ್ಗೆ ಹೇಳಿದ ಹಾಗೆ.

ನಿಶ್ಚಿತಾರ್ಥದ ಬೆಳಿಗ್ಗೆ ಪಾರ್ಲರಿನ ಸುಷ್ಮಿತಾ ಬಂದು ಕೂದಲನ್ನು ಮೆಷಿನ್ನಿನಲ್ಲಿ ಇಸ್ತ್ರಿ ಮಾಡಿದಳು. ಕೂದಲು ಸುಟ್ಟ ಕಮರು ವಾಸನೆ ಎದ್ದಿತು. "ಇದು ನೀರು ಬೀಳೋಗಂಟ ಅಷ್ಟೇ ಕಣೇ. ಮದ್ವೆಗೆ ಮುಂಚೆ ಕೆಮಿಕಲ್ ಹಾಕಿ ಪರ್ಮನೆಂಟಾಗಿ ಮಾಡಾಣ," ಅಂದಳು. ಕನ್ನಡಿಯಲ್ಲಿ ಒದ್ದೆ ಬೆಕ್ಕಿನಂಥ ಯಾರೋ ಸಿಂಧುವನ್ನು ನೋಡುತ್ತಿದ್ದರು.

ಅಡುಗೆಮನೆಯಲ್ಲಿ ತಾಂಬೂಲದ ತಟ್ಟೆ ಸಿದ್ಧವಾಗಿತ್ತು. ವೀಳ್ಯದೆಲೆ, ಅಡಿಕೆ, ಅರಿಶಿನ ಕುಂಕುಮ, ಐದು ತೆಂಗಿನಕಾಯಿ. ಒಂದೊಂದಕ್ಕೂ ಕಂದು ನಾರಿನ ಒರಟು ಜುಟ್ಟು. ಚಿಕ್ಕಂದಿನಲ್ಲಿ ಅಪ್ಪ ಕಾಯಿ ಸುಲಿಸುತ್ತ ಹೇಳಿದ್ದು ನೆನಪಾಯಿತು: "ಜುಟ್ಟು ಬಿಟ್ಟೇ ಸುಲೀಬೇಕು ಮಗ. ಕಿತ್ರೆ ಕಣ್ಣಿಗೆ ಗಾಳಿ ತಾಗಿ ಕಾಯಿ ಕೆಡ್ತದೆ. ಬೋಳು ಕಾಯಿ ದೇವ್ರಿಗೂ ಬರಲ್ಲ, ಶಾಸ್ತ್ರಕ್ಕೂ ಬರಲ್ಲ."

ಅವಳು ಬಾಗಿಲು ಮುಂದಕ್ಕೆ ಹಾಕಿಕೊಂಡಳು. ಐದು ಕಾಯಿಗಳ ಜುಟ್ಟನ್ನೂ ನುಣ್ಣಗೆ ಕಿತ್ತಳು. ಉಗುರು ಮುರಿಯಿತು. ತಟ್ಟೆಯ ಮೇಲೆ ವಸ್ತ್ರ ಮುಚ್ಚಿ ಹೊರಗೆ ಬಂದಳು.

ನಡುಮನೆ ತುಂಬ ಜನ. ರುದ್ರೇಶ್ ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೀಗರ ಮುಂದೆ ಚಾಚಿದರು. ಸಿದ್ದಗಂಗಮ್ಮ ನಗುತ್ತ ವಸ್ತ್ರ ಸರಿಸಿದವರು, ಕೆಂಡ ಮುಟ್ಟಿದವರಂತೆ ಕೈ ಹಿಂದಕ್ಕೆ ತೆಗೆದರು.

"ಇದೇನ್ರೀ ಇದು! ಬೋಳು ಕಾಯಿ ಇಟ್ಟಿದೀರಲ್ಲ! ಇಷ್ಟು ದೊಡ್ಡ ಮಂಡಿ ಮಡೀಕಂಡು ಜುಟ್ಟಿರೋ ಐದು ಕಾಯಿ ಸಿಗ್ನಿಲ್ವಾ ನಿಮ್ಗೆ?"

ರುದ್ರೇಶರ ಮುಖ ಬಿಳಿಚಿಕೊಂಡಿತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ನಾನೇ ಕಿತ್ತಿದ್ದು," ಅಂದಳು ಸಿಂಧು. "ಒರಟಾಗಿತ್ತು, ಸಿಕ್ಕುಸಿಕ್ಕಾಗಿತ್ತು. ಫೋಟೋದಲ್ಲಿ ಚೆನ್ನಾಗಿ ಬರಬೇಕಲ್ಲ ಅಂತ ನುಣ್ಣಗೆ ಮಾಡ್ದೆ."

ಯಾರೋ ಹಿಂದೆ ಕಿಸಕ್ಕನೆ ನಕ್ಕರು. ದಯಾನಂದನ ಕೈ ತಾನೇ ತಾನಾಗಿ ನೆತ್ತಿಗೆ ಹೋಯಿತು.

ಸಿದ್ದಗಂಗಮ್ಮನಿಗೆ ಅರ್ಥವಾಯಿತು. ಆದರೂ ಬಿಟ್ಟುಕೊಡುವ ಜೀವವಲ್ಲ. "ತಲೆಗೂ ಕಾಯಿಗೂ ಏನವ್ವ ಸಂಬಂಧ? ಆಗ್ಲಿ ಬುಡು, ಈಗ್ಲೇ ಬೇಡ ಅಂದ್ರೆ ನಮ್ಮನೆಗೆ ಬಂದ್ಮೇಲೆ ಮಾಡ್ಸಿದ್ರಾಯ್ತು," ಎಂದು ಮಹಾ ಉಪಕಾರ ಮಾಡಿದವರಂತೆ ಹೇಳಿದರು.

ಸಿಂಧು ದಯಾನಂದನ ಕಡೆ ತಿರುಗಿದಳು. ಅವಳಿಗೆ ಬೇಕಾಗಿದ್ದುದು ಒಂದೇ ಮಾತು. "ನೀವೇನಂತೀರಿ?"

ಅವನು ಅಮ್ಮನ ಮುಖ ನೋಡಿದ. "ಅಮ್ಮ ಹೇಳ್ದಂಗೆ."

ಹಿತ್ತಲ ಕೊಟ್ಟಿಗೆಯಲ್ಲಿ ಜುಟ್ಟಿರುವ ಕಾಯಿಗಳು ರಾಶಿ ಬಿದ್ದಿದ್ದವು. ಐದನ್ನು ತರಲು ಎರಡು ನಿಮಿಷ ಸಾಕಿತ್ತು. ಎಲ್ಲರೂ ರುದ್ರೇಶರನ್ನೇ ನೋಡಿದರು. ಅವರು ಅಂದು ಮೊದಲ ಸಲ ಮಗಳ ತಲೆಯನ್ನು ಸರಿಯಾಗಿ ನೋಡಿದರು. ಸುಟ್ಟ ವಾಸನೆ ಇನ್ನೂ ಹೋಗಿರಲಿಲ್ಲ. ಆಮೇಲೆ ತಟ್ಟೆಯನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು.

"ಈ ಕಾಯಿ ಇನ್ನು ಶಾಸ್ತ್ರಕ್ಕೆ ಬರಲ್ಲ ಕಣ್ರೀ. ಚಟ್ನಿಗೆ ಆಯ್ತವೆ," ಅಂದರು. "ಅಡುಗೆ ಆಗೈತೆ. ಊಟ ಮಾಡ್ಕಂಡು ಹೋಗಿ."

ಮಾನ ಇದ್ದವರಾದರೆ ಎದ್ದು ಹೋಗುತ್ತಿದ್ದರು. ಇವರು ಎಲೆ ಮುಂದೆ ಕೂತರು.

ಅತ್ತ ಪಂಕ್ತಿ ನಡೆಯುತ್ತಿದ್ದಾಗ ಸಿಂಧು ಬಚ್ಚಲಿನಲ್ಲಿ ತಲೆಯ ಮೇಲೆ ಒಂದೇ ಸಮನೆ ನೀರು ಹೊಯ್ದುಕೊಳ್ಳುತ್ತಿದ್ದಳು. ನೀರು ಬಿದ್ದದ್ದೇ ತಡ, ಇಸ್ತ್ರಿ ಮಾಡಿದ ಕೂದಲು ಒಂದೊಂದೇ ಸುರುಳಿಯಾಗಿ ಮೇಲೆದ್ದವು. ಬಾಗಿಲು ತಟ್ಟಿದ ಸದ್ದಾಯಿತು. ಅಮ್ಮ ಅತ್ತು ಕೆಂಪಾದ ಕಣ್ಣಿನಲ್ಲೇ, ಅಗಲ ಹಲ್ಲಿನ ಬಾಚಣಿಗೆಯನ್ನೂ ಹಳೇ ಸೀರೆಯ ತುಂಡನ್ನೂ ಸಂದಿಯಲ್ಲಿ ಚಾಚಿದಳು.

"ತಗಳೇ," ಅಂದಳು. "ಆಯಮ್ಮ ಚಟ್ನಿನ ಎರಡು ಸಲ ಹಾಕ್ಸಿಕಂಡ್ಳು."